ಎಳೆಯ ಮಕ್ಕಳ ಮನೆಪಾಠ

(ಶ್ರೀಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ಶಾಸ್ತ್ರವಿಷಯವಾಗಿಯೂ ಪುರಾಣವಿಷಯವಾಗಿಯೂ ಮಾತನಾಡತಕ್ಕ ವಿದ್ವಾಂಸರು ಅನೇಕರಿರುವರು. ನನಗೆ ಅಪ್ಪಣೆಯಾದುದು ಬೇರೊಂದು ವಿಷಯ. ಒಂದು, ಎರಡು, ಮೂರನೆಯ ತರಗತಿಗಳಲ್ಲಿ ಓದುವ ಎಳೆಯ ಮಕ್ಕಳಿಗೆ ಮನೆಯಲ್ಲಿ ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದನ್ನು ಗೃಹಸ್ಥರಿಗೆ ತಿಳಿಯುವಂತೆ ಹೇಳಬೇಕೆಂದು ಶ್ರೀಗಳವರು ಆಜ್ಞಾಪಿಸಿರುವರು. ವಿಷಯವು ಕೇಳುವುದಕ್ಕೆ ಚಿಕ್ಕದು. ಆದರೆ ನಾನು ಚಾಂಪಿಯನ್ ರೀಫ್ಸಿನ ಮನೆಗಳಿಗೆ ಬಿನ್ನಹಕ್ಕೆಂದು ಹೋದಾಗಲೆಲ್ಲ ತಾಯಂದಿರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ವಿಷಯವಾಗಿಯೇ ಇರುವುವು. ಮುಕ್ತಿಮಾರ್ಗವನ್ನು ಕುರಿತು ಕೇಳುವವರು ಕಡಿಮೆ. ಅದರಿಂದ ನನಗೆ ಬೇಸರವಿಲ್ಲ. ಕೂಸಿನ ಚಿಂತೆಯುಳ್ಳವರಿಗೆ ಆ ಚಿಂತೆಯೇ ಮೊದಲನೆಯದು.

ಅವರು ಕೇಳುವ ಮಾತು ಹೆಚ್ಚುಕಡಿಮೆ ಒಂದೇ. “ಅಯ್ಯನವರೇ, ನಮಗೆ ಓದುಬರಹ ಅಷ್ಟಕ್ಕಷ್ಟೆ. ಮನೆಯಲ್ಲಿ ಆಡುವುದು ತಮಿಳು. ಮಗು ಓದುವುದು ಕನ್ನಡ ಶಾಲೆಯಲ್ಲಿ. ನಾವು ಏನು ಕಲಿಸಿಯೇವು? ಟ್ಯೂಷನ್ನಿಗೆ ಹಾಕಿದರೆ ಆಗದೆ?” ಈ ಪ್ರಶ್ನೆಗೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುವೆನು. ಆರೇಳು ವರ್ಷದ ಕೂಸಿಗೆ ಮನೆಯಲ್ಲಿ ದೊರೆಯಬೇಕಾದ ವಿದ್ಯೆಯು, ಓದು ಬಾರದವರೆಂದು ತಮ್ಮನ್ನು ತಾವೇ ಹಳಿದುಕೊಳ್ಳುವ ಈ ಮನೆಗಳಲ್ಲಿ ಬೇಕಾದಷ್ಟು ಇರುವುದು. ಸಂಕೋಚದಿಂದ ಅದನ್ನು ಮೂಲೆಗೆ ಹಾಕಿರುವುದರಿಂದಲೇ ನಷ್ಟವಾಗುತ್ತಿರುವುದು.

ಈ ಊರಿನ ನಡೆವಳಿಕೆ ಬೇರೆ ಊರುಗಳಂತಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಗಣಿಯ ಕೆಲಸವನ್ನು ಕೈಗೆತ್ತಿಕೊಂಡ ಮೇಲೆ ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಸೀಮೆಗಳ ಜನರು ಕುಟುಂಬಸಹಿತವಾಗಿ ಬಂದು ಇಲ್ಲಿ ನೆಲಸಿದರು. ಸಾಲುಮನೆಗಳಲ್ಲಿ ಗೋಡೆಯ ಈಚೆಗೆ ತಮಿಳು, ಆಚೆಗೆ ತೆಲುಗು, ಬೀದಿಯ ಕೊನೆಗೆ ಉರ್ದು, ಅಂಗಡಿಯಲ್ಲಿ ಕನ್ನಡ. ಗಣಿ ನಡೆಯುತ್ತಿದ್ದ ಕಾಲದಲ್ಲಿ ತಂದೆಯಾದವನು ಪಾಳಿಯ ಪ್ರಕಾರ ದುಡಿದು ಉಳಿದ ಹೊತ್ತು ಮನೆಯಲ್ಲಿರುತ್ತಿದ್ದನು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಅಂದಿನಿಂದ ಮಾರಿಕುಪ್ಪಂನಲ್ಲಿ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ನಸುಕಿನ ರೈಲುಗಳಲ್ಲಿ ಸಹಸ್ರಾರು ಮಂದಿ ಕೆಲಸಕ್ಕೆ ಹೋಗಿ ಬರುತ್ತಿರುವರು. ಹೋಗುವುದಕ್ಕೆ ಎರಡು ತಾಸಿಗೂ ಮೇಲೆ, ಬರುವುದಕ್ಕೂ ಅಷ್ಟೇ. ಅವರು ಹೊರಡುವಾಗ ಕೂಸು ಎದ್ದಿರುವುದಿಲ್ಲ; ಬರುವಾಗ ಎಷ್ಟೋ ದಿನ ಮಲಗಿರುತ್ತದೆ. ಆದಕಾರಣ ಈ ಊರಿನಲ್ಲಿ ಮನೆಪಾಠವೆಂದರೆ ಬಹುಮಟ್ಟಿಗೆ ತಾತ ಅಜ್ಜಿಯರ ಪಾಠ. ‘ತಾತ’ ಎಂಬ ಮಾತು ನಮ್ಮ ಕೋಲಾರದ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಒಂದೇ ಆಗಿರುವುದು ನಮ್ಮ ಭಾಗ್ಯ.

ಶಾಲೆಯಲ್ಲಿ ಕೂಸಿಗೆ ಏನಾಗುತ್ತಿದೆಯೆಂಬುದನ್ನು ತಾತ ಅಜ್ಜಿಯರು ತಿಳಿಯದಿರುವುದರಿಂದ ಒಂದು ಜಗಳ ಹುಟ್ಟುವುದುಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ‘ನಲಿ ಕಲಿ’ ಎಂಬ ಪದ್ಧತಿಯು ಆರಂಭವಾಯಿತು. ಅದರ ಬೀಜವು ಬಂದದ್ದು ನಮ್ಮ ಕೋಲಾರ ಸೀಮೆಯ ಗಡಿಯಾಚೆಗೆ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಯ ಗ್ರಾಮಶಾಲೆಗಳಿಂದ. 2009–10ರಲ್ಲಿ ಅದನ್ನು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದು ಎರಡನೆಯ ತರಗತಿಗಳಿಗೆಲ್ಲ ವಿಸ್ತರಿಸಿದರು. ಈ ಪದ್ಧತಿಯಲ್ಲಿ ಅಕ್ಷರಗಳನ್ನು ಅ, ಆ, ಇ, ಈ ಎಂಬ ಕ್ರಮದಲ್ಲಿ ಹೇಳಿಕೊಡುವುದಿಲ್ಲ. ಮೊದಲು ರ, ಗ, ಸ, ದ, ಅ ಎಂಬ ಐದನ್ನು ಕಲಿಸುವರು. ಏಕೆಂದರೆ ಈ ಐದರಿಂದಲೇ ಸರ, ಅರಸ, ಅಗಸ, ಗರಗಸ ಎಂಬ ಮಾತುಗಳು ಕೂಡಿಬರುವುವು. ಕೂಸು ಮೊದಲ ವಾರಗಳಲ್ಲಿಯೇ ಒಂದು ಮಾತನ್ನು ಓದಿದೆನೆಂದು ಹಿಗ್ಗುವುದು. ಮನೆಗೆ ಬಂದ ಕೂಸನ್ನು ತಾತನು “ಅ ಆ ಇ ಈ ಹೇಳು” ಎನ್ನುವನು. ಕೂಸು ಹೇಳಲಾರದು. “ಶಾಲೆಯಲ್ಲಿ ಏನೂ ಕಲಿಸುವುದಿಲ್ಲ” ಎಂಬ ತೀರ್ಪು ಅಲ್ಲಿಯೇ ಆಗಿಬಿಡುವುದು. ನಾನು ವರ್ಣಮಾಲೆಯನ್ನು ಬಾಯಿಪಾಠ ಮಾಡಿ ಬೆಳೆದವನು. ಅದರ ಸೊಗಸನ್ನು ಬಲ್ಲೆನು. ಆದರೂ ತಾತಂದಿರಲ್ಲಿ ನನ್ನ ಬಿನ್ನಹವೇನೆಂದರೆ, ಕೂಸು ಬಲ್ಲ ಐದು ಅಕ್ಷರಗಳನ್ನು ಕೇಳಿ ತಿಳಿದು, ಆ ಐದರಲ್ಲಿ ಇನ್ನೆಷ್ಟು ಮಾತು ಹುಟ್ಟುವುದೆಂದು ಅದರೊಡನೆ ಕುಳಿತು ಹುಡುಕಿರಿ. ವರ್ಣಮಾಲೆಯ ಕ್ರಮವು ಒಂದು ವರ್ಷ ತಡವಾಗಿ ಬಂದರೆ ಕೆಟ್ಟುಹೋಗುವುದೇನೂ ಇಲ್ಲ.

ಇನ್ನೊಂದು ಸಂಗತಿ. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮ ಕನ್ನಡದಲ್ಲಿ ಒಂದೊಂದು ವ್ಯಂಜನವೂ ಒಂದೊಂದು ಸ್ವರದೊಡನೆ ಕೂಡಿ ಬೇರೆ ಬೇರೆ ರೂಪ ತಾಳುವುದರಿಂದ, ಗುಣಿತವೂ ಒತ್ತಕ್ಷರವೂ ಸೇರಿ ಕೂಸು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದನ್ನು ಪರೀಕ್ಷಿಸಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಜ್ಞಾನವು ಮೊದಲ ವರ್ಷದಲ್ಲಿ ಮುಗಿಯುವಂಥದಲ್ಲ, ಮೂರು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಿರುವುದೆಂದು ಕಂಡುಬಂದಿದೆ. ಪಕ್ಕದ ಮನೆಯ ಕೂಸು ಇಂಗ್ಲಿಷ್ ಶಾಲೆಯಲ್ಲಿ ಆರು ತಿಂಗಳಿಗೆ ಎ ಬಿ ಸಿ ಒಪ್ಪಿಸಿತು, ನಮ್ಮದು ಇನ್ನೂ ಗುಣಿತದಲ್ಲಿಯೇ ಇದೆ ಎಂದು ಹೊಟ್ಟೆಯುರಿದುಕೊಳ್ಳುವ ತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನು ಭಾಷೆಯ ವಿಷಯ. ಇದನ್ನು ಸ್ವಲ್ಪ ದೀರ್ಘವಾಗಿ ಹೇಳಲು ಸಭೆಯು ಅನುಮತಿ ಕೊಡಬೇಕು. ನನ್ನ ಓದೂ ಈ ಕಡೆಯದೇ.

ಮನೆಯಲ್ಲಿ ತಮಿಳು ಅಥವಾ ತೆಲುಗು ಆಡಿದರೆ ಶಾಲೆಯ ಕನ್ನಡ ಕೆಡುವುದೆಂದು ಹೆದರಿ ಕೆಲವರು ಕೂಸಿನೊಡನೆ ಮನೆಮಾತನ್ನೇ ನಿಲ್ಲಿಸಿರುವರು. ಬದಲಿಗೆ ತಾವು ಅರೆಬರೆ ಬಲ್ಲ ಕನ್ನಡದಲ್ಲಿಯೋ, ಇನ್ನೂ ಅರೆಬರೆಯಾದ ಇಂಗ್ಲಿಷಿನಲ್ಲಿಯೋ “ಬಾ, ಕೂರು, ತಿನ್ನು, ಸುಮ್ಮನಿರು” ಎಂದಿಷ್ಟೇ ಹೇಳುವರು. ಇದರ ಫಲವೇನು? ಆ ಕೂಸಿನ ಕಿವಿಗೆ ದಿನವೆಲ್ಲ ಬೀಳುವುದು ಅಪ್ಪಣೆಯ ನಾಲ್ಕು ಮಾತು ಮಾತ್ರ. ಏಕೆ, ಹೇಗೆ, ಒಂದುವೇಳೆ, ಆದರೂ, ಅಷ್ಟರಲ್ಲಿ ಎಂಬ ಮಾತುಗಳ ಸಂಬಂಧವೇ ಅದಕ್ಕೆ ತಪ್ಪಿಹೋಗುವುದು. ಪೂರ್ಣವಾಕ್ಯವನ್ನು ಒಂದು ಭಾಷೆಯಲ್ಲಿಯಾದರೂ ಕೇಳಿ ಬೆಳೆದ ಕೂಸು ಎರಡನೆಯ ಭಾಷೆಯಲ್ಲಿಯೂ ವಾಕ್ಯವನ್ನು ಕಟ್ಟಬಲ್ಲದು. ಯಾವುದರಲ್ಲಿಯೂ ಕೇಳದ ಕೂಸು ಯಾವುದರಲ್ಲಿ ಕಟ್ಟೀತು? 1953ರಲ್ಲಿ ಯುನೆಸ್ಕೋ ಸಂಸ್ಥೆಯವರು ದೇಶಭಾಷೆಗಳನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ ಮನೆಮಾತಿನ ಮೂಲಕ ಕಲಿಕೆಯು ಆರಂಭವಾಗಬೇಕೆಂದು ಹೇಳಿದರು. ನಮ್ಮ ದೇಶದ 2020ರ ಶಿಕ್ಷಣನೀತಿಯೂ, ಸಾಧ್ಯವಾದಲ್ಲೆಲ್ಲ ಐದನೆಯ ತರಗತಿಯವರೆಗಾದರೂ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಬೋಧಿಸಬೇಕೆಂದು ಹೇಳುವುದು. ಶಾಲೆಯು ಅದನ್ನು ಎಲ್ಲ ಮಕ್ಕಳಿಗೂ ನಡೆಸಲಾರದು. ಒಂದೇ ತರಗತಿಯಲ್ಲಿ ನಾಲ್ಕು ಭಾಷೆಯ ಕೂಸುಗಳಿರುವಲ್ಲಿ ಉಪಾಧ್ಯಾಯಿನಿಯು ಏನು ಮಾಡಿಯಾಳು? ಮನೆಯು ನಡೆಸಬಲ್ಲದು. ನಾನು ಕನ್ನಡದ ಅಭಿಮಾನವನ್ನು ಬಿಟ್ಟು ಈ ಮಾತನ್ನು ಹೇಳುತ್ತಿಲ್ಲ. ಇದೇ ಕೂಸು ನಾಳೆ ಒಳ್ಳೆಯ ಕನ್ನಡವನ್ನು ಆಡಬೇಕೆಂಬ ಆಸೆಯಿಂದಲೇ ಹೇಳುತ್ತಿರುವೆನು.

ಮೇಲಾಗಿ, ನಮ್ಮ ಭಾಷೆಗಳು ಒಂದಕ್ಕೊಂದು ಎಷ್ಟು ದೂರ? ತಮಿಳು ಮನೆಯ ಕೂಸು ಶಾಲೆಯಲ್ಲಿ ‘ಹಾಲು’ ಎನ್ನುವ ಕಡೆ ‘ಪಾಲು’ ಎಂದರೆ ಪಕ್ಕದ ಮಕ್ಕಳು ನಗುವರು. ಆದರೆ ಪಂಪನು ಕೇಳಿದ್ದರೆ ನಗುತ್ತಿರಲಿಲ್ಲ. ಹಳೆಗನ್ನಡದಲ್ಲಿ ಅದು ‘ಪಾಲ್’ ಎಂದೇ ಇದ್ದಿತು. ಹುಲಿಯು ‘ಪುಲಿ’, ಹಲ್ಲು ‘ಪಲ್’, ಹಗಲು ‘ಪಗಲ್’, ಹತ್ತು ‘ಪತ್ತು’. ಮೊದಲಲ್ಲಿ ಬರುವ ಪಕಾರವು ಹಕಾರವಾದುದು ಕನ್ನಡದಲ್ಲಿ ಆಮೇಲೆ ನಡೆದ ಮಾರ್ಪಾಟು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇದನ್ನು ಗುರುತಿಸಿರುವನು. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಪಕಾರವೇ ನಿಂತಿತು. ಆದ್ದರಿಂದ ಅಜ್ಜಿಯು ತನಗೆ ಕನ್ನಡ ಬಾರದೆಂದು ನಾಚಬೇಕಾಗಿಲ್ಲ. ಅವಳ ಬಾಯಲ್ಲಿ ಹಳೆಗನ್ನಡದ ಅರ್ಧ ನಿಘಂಟು ಇರುವುದು. ಇದೇ ರೀತಿ ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ: ವಾ–ಬಾ, ವಾಯ್–ಬಾಯಿ, ವಿಲ್–ಬಿಲ್ಲು, ವೇರ್–ಬೇರು, ವೆಳ್ಳಿ–ಬೆಳ್ಳಿ. ತೆಲುಗಿನ ಚಕಾರಕ್ಕೆ ಕೆಲವೆಡೆ ನಮ್ಮಲ್ಲಿ ಕಕಾರ: ಚೆವಿ–ಕಿವಿ, ಚೆರುವು–ಕೆರೆ.

ಇದನ್ನು ಕೂಸಿಗೆ ವ್ಯಾಕರಣವೆಂದು ಹೇಳತಕ್ಕದ್ದಲ್ಲ, ಆಟವಾಗಿ ಆಡತಕ್ಕದ್ದು. ಸಂಜೆ ಅಜ್ಜಿಯು ಸೊಪ್ಪು ಬಿಡಿಸುತ್ತ ಕುಳಿತಾಗ “ನಾನು ಪಾಲು ಅಂದರೆ ನಿನ್ನ ಶಾಲೆಯಲ್ಲಿ ಏನನ್ನುವರು?” ಎಂದು ಕೇಳಲಿ. ಕೂಸು “ಹಾಲು” ಎನ್ನುವುದು. “ಪುಲಿ?” “ಹುಲಿ.” “ಪಲ್ಲು?” “ಹಲ್ಲು.” ನಾಲ್ಕನೆಯದಕ್ಕೆ ಕೂಸು ತಾನೇ ಸೂತ್ರವನ್ನು ಕಂಡುಕೊಳ್ಳುವುದು. ಆಮೇಲೆ ಅಜ್ಜಿಯು ಬೇಕೆಂದೇ “ಪಾಠ?” ಎಂದು ಕೇಳಲಿ. ಕೂಸು “ಹಾಠ” ಎಂದು ತಾನೇ ನಕ್ಕುಬಿಡುವುದು. ಎಲ್ಲ ಮಾತಿಗೂ ಸೂತ್ರವು ಹೊಂದದೆಂಬ ವ್ಯಾಕರಣದ ದೊಡ್ಡ ಪಾಠವೂ ಆ ನಗೆಯೊಳಗೆ ಆಗಿಹೋಗುವುದು.

ತಮಿಳು ಮನೆಯ ಮಕ್ಕಳಿಗೆ ಒಂದು ನಿಜವಾದ ತೊಡಕಿರುವುದನ್ನು ಮರೆಮಾಚಬಾರದು. ತಮಿಳು ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಒಂದೇ ಅಕ್ಷರ. ತ, ದಗಳಿಗೆ ಒಂದೇ. ಪ, ಬಗಳಿಗೆ ಒಂದೇ. ಮನೆಯಲ್ಲಿ ಈ ಭೇದವು ಅರ್ಥವನ್ನು ಬದಲಿಸುವುದು ಅಪರೂಪ. ಕನ್ನಡದಲ್ಲಿಯಾದರೋ ‘ಕಾಳಿ’ಯೇ ಬೇರೆ, ‘ಗಾಳಿ’ಯೇ ಬೇರೆ, ‘ತಡ’ ಬೇರೆ, ‘ದಡ’ ಬೇರೆ. ಕೂಸು ಇವನ್ನು ಅದಲುಬದಲು ಬರೆದರೆ ಅದು ದಡ್ಡತನವಲ್ಲ, ಕಿವಿಯ ಅಭ್ಯಾಸ. ಬರೆಯಿಸುವುದರಿಂದ ಇದು ತಿದ್ದುವುದಿಲ್ಲ, ಕೇಳಿಸುವುದರಿಂದ ತಿದ್ದುವುದು. ಕನ್ನಡ ಬಲ್ಲ ನೆರೆಯವರೋ ಅಕ್ಕನೋ ಈ ಜೋಡಿಗಳನ್ನು ಹೇಳುತ್ತಿರಲಿ. ‘ಗಾಳಿ’ ಎಂದಾಗ ಕೂಸು ಊದಬೇಕು, ‘ಕಾಳಿ’ ಎಂದಾಗ ನಾಲಗೆಯನ್ನು ಚಾಚಬೇಕು. ಮಹಾಪ್ರಾಣಗಳ ಗೊಡವೆ ಈಗಲೇ ಬೇಡ. ಕನ್ನಡ ಮನೆಗಳಲ್ಲಿಯೇ ಅವನ್ನು ಶುದ್ಧವಾಗಿ ಉಚ್ಚರಿಸುವವರು ಎಷ್ಟು ಮಂದಿಯಿರುವರೆಂದು ಸಭಿಕರು ತಮ್ಮಷ್ಟಕ್ಕೆ ವಿಚಾರಿಸಿಕೊಳ್ಳಲಿ.

ಕಥೆಯ ವಿಷಯಕ್ಕೆ ಬರುವೆನು. ನಮ್ಮ ಪರಂಪರೆಯ ಬಸವಪುರಾಣವು ಮೊದಲು ಪಾಲ್ಕುರಿಕೆ ಸೋಮನಾಥನಿಂದ ತೆಲುಗಿನಲ್ಲಿ ಹುಟ್ಟಿ, 1369ರಲ್ಲಿ ಭೀಮಕವಿಯಿಂದ ಕನ್ನಡಕ್ಕೆ ಬಂದುದನ್ನು ಭಕ್ತರೆಲ್ಲರೂ ಬಲ್ಲರು. ಒಂದು ಭಾಷೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳುವುದು ನಮಗೆ ಹೊಸತಲ್ಲ. ಕಣ್ಣಪ್ಪನ ಕಥೆಯನ್ನೇ ತೆಗೆದುಕೊಳ್ಳಿರಿ. ತಮಿಳಿನಲ್ಲಿ ಸೇಕ್ಕಿಳಾರನ ಪೆರಿಯಪುರಾಣದಲ್ಲಿ ಅದು ಇದೆ. ಕನ್ನಡದಲ್ಲಿ ಹರಿಹರನ ರಗಳೆಯಲ್ಲಿ ಇದೆ. ತೆಲುಗಿನಲ್ಲಿ ಧೂರ್ಜಟಿಯ ಕಾಳಹಸ್ತಿಮಾಹಾತ್ಮ್ಯದಲ್ಲಿ ಇದೆ. ಓದಲು ಬಾರದವರಿಗೆ 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ಇದೆ. ಕಾಳಹಸ್ತಿಯು ನಮಗೆ ದೂರವೂ ಅಲ್ಲ. ಅಜ್ಜಿಯು ರಾತ್ರಿ ಈ ಕಥೆಯನ್ನು ತನ್ನ ಭಾಷೆಯಲ್ಲಿ ಹೇಳಲಿ. ಬೇಡನು ಒಂದು ಕಣ್ಣನ್ನು ಕಿತ್ತಿಟ್ಟ ಮೇಲೆ ಲಿಂಗದ ಎರಡನೆಯ ಕಣ್ಣಿನಲ್ಲಿ ನೆತ್ತರು ಕಾಣಿಸಿಕೊಳ್ಳುವ ಸ್ಥಳದಲ್ಲಿ ನಿಲ್ಲಿಸಿ, “ಈಗ ಅವನಿಗೆ ಒಂದೇ ಕಣ್ಣು. ಅದನ್ನೂ ಕಿತ್ತರೆ ಎಲ್ಲಿ ಇಡಬೇಕೆಂದು ಹೇಗೆ ಕಂಡೀತು?” ಎಂದು ಕೇಳಲಿ. ನಾನು ಹಲವು ಮಕ್ಕಳನ್ನು ಕೇಳಿರುವೆನು. ಕಥೆಯನ್ನು ಅರಿಯದ ಕೂಸು “ಕೈಯಿಂದ ತಡವಿ ನೋಡಲಿ” ಎನ್ನುವುದು; ಒಂದು ಕೂಸು “ಪೂಜಾರಿಯನ್ನು ಕರೆಯಲಿ” ಎಂದಿತು. ಕಾಲಿನ ಹೆಬ್ಬೆರಳಿನಿಂದ ಗುರುತಿಟ್ಟನೆಂದು ಅಜ್ಜಿಯು ಹೇಳಿದಾಗ ಆ ಮುಖಗಳನ್ನು ನೋಡಬೇಕು. ಯೋಚಿಸಿ ಕೇಳಿದ ಕಥೆಯು ಮರೆಯುವುದಿಲ್ಲ.

ಮರುದಿನ ಕೂಸು ಅದನ್ನೇ ಪಕ್ಕದ ಮನೆಯ ಗೆಳೆಯನಿಗೆ ಕನ್ನಡದಲ್ಲಿ ಹೇಳಲಿ. ಹಲಗೆಯ ಮೇಲೆ ಚಿತ್ರ ಬರೆದು ಕೆಳಗೆ ಕಣ್ಣು, ಬಾಣ, ಕಾಲು ಎಂಬ ಮೂರೇ ಮಾತು ಬರೆಯಲಿ. ಇಷ್ಟರಲ್ಲಿ ಕೇಳುವುದು, ಹೇಳುವುದು, ಬರೆಯುವುದು ಮೂರೂ ಆದುವು. ನೆತ್ತರಿನ ಕಥೆಯು ಎಳೆಯರಿಗೆ ಆಗದೆಂದು ಯಾರಾದರೂ ಆಕ್ಷೇಪಿಸಬಹುದು. ಅಜ್ಜಿಯ ಮಡಿಲಲ್ಲಿ ಕುಳಿತ ಕೂಸು ಹೆದರಿದ್ದನ್ನು ನಾನು ಕಂಡಿಲ್ಲ. ಹೆದರುವ ಕೂಸಿದ್ದರೆ ಪುಣ್ಯಕೋಟಿಯಿದೆ, ಕಾಗಕ್ಕ ಗುಬ್ಬಕ್ಕನ ಕಥೆಯಿದೆ.

ತಾತಂದಿರಿಗೆ ಬೇರೆ ಕಥೆಯ ಭಂಡಾರವಿದೆ. ಅದನ್ನು ಅವರು ಹೇಳುವುದೇ ಇಲ್ಲ. ಚಾಂಪಿಯನ್ ರೀಫ್ಸಿನ ಗಣಿಯು ಮೂರು ಕಿಲೋಮೀಟರಿಗೂ ಆಳವಾಗಿ ಇಳಿದು ಪ್ರಪಂಚದ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತ್ತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುಚ್ಛಕ್ತಿ ಬಂದಿತು. 1965ರಲ್ಲಿ ಇದೇ ಗಣಿಯ ಆಳದಲ್ಲಿ ಭಾರತ, ಜಪಾನು, ಇಂಗ್ಲೆಂಡುಗಳ ವಿಜ್ಞಾನಿಗಳು ಆಕಾಶದಿಂದ ಬಂದು ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೋ ಎಂಬ ಕಣದ ಸುಳಿವನ್ನು ಹಿಡಿದರು. ನೆಲದ ಕೆಳಗೆ ಇಳಿದು ಆಕಾಶವನ್ನು ನೋಡಿದವರ ಊರು ಇದು. “ತಾತಾ, ಕೆಳಗೆ ಕತ್ತಲಿತ್ತೆ? ಸೆಕೆಯಿತ್ತೆ? ಏನು ತಿನ್ನುತ್ತಿದ್ದಿರಿ?” ಎಂದು ಕೂಸು ಕೇಳಿದರೆ, “ಅದೆಲ್ಲ ನಿನಗೇಕೆ, ಓದಿಕೋ ಹೋಗು” ಎಂದು ಅಟ್ಟುವ ತಾತನಿಗೆ ತಾನೇ ಪುಸ್ತಕವೆಂಬುದು ತಿಳಿಯದು. ಗಣಿಯ ತೊಟ್ಟಿಲನ್ನು, ಇವರು ‘ಕೇಜು’ ಎನ್ನುವುದನ್ನು, ಏರಿಸುವುದಕ್ಕೆ ಇಳಿಸುವುದಕ್ಕೆ ಗಂಟೆಯನ್ನು ಇಷ್ಟಿಷ್ಟು ಸಾರಿ ಬಾರಿಸುವ ಸಂಕೇತಗಳಿದ್ದುವು. ಒಬ್ಬ ವೃದ್ಧರು ಊಟದ ತಟ್ಟೆಯನ್ನು ಚಮಚದಿಂದ ಬಡಿದು ಮೊಮ್ಮಗಳಿಗೆ ಆ ಎಣಿಕೆಯನ್ನು ಆಟವಾಗಿ ಮಾಡಿಕೊಟ್ಟಿದ್ದರು: ಇಷ್ಟು ಬಡಿದರೆ ನಿಲ್ಲು, ಇಷ್ಟಕ್ಕೆ ಕುಳಿತುಕೋ, ಇಷ್ಟಕ್ಕೆ ಏಳು. ಎಣಿಕೆಗೂ ಅರ್ಥಕ್ಕೂ ಸಂಬಂಧವಿದೆಯೆಂದು ಇದಕ್ಕಿಂತ ಚೆನ್ನಾಗಿ ಯಾವ ಅಂಕಿಯ ಪುಸ್ತಕವೂ ಹೇಳಿಕೊಡಲಾರದು.

ಲೆಕ್ಕದ ಮಾತು ಬಂದುದರಿಂದ ಅಳಿಗುಳಿಮಣೆಯನ್ನು ಹೇಳಲೇಬೇಕು. ತಮಿಳರು ಇದನ್ನು ಪಲ್ಲಾಂಗುಳಿ ಎನ್ನುವರು. ಎರಡು ಸಾಲು, ಸಾಲಿಗೆ ಏಳು, ಒಟ್ಟು 14 ಗುಳಿ. ಗುಳಿಗೆ ಐದರಂತೆ ಹುಣಿಸೆಬೀಜ ಹಾಕಿದರೆ 70. ತಮಿಳರ ಆಟದಲ್ಲಿ ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದಕ್ಕೆ ‘ಪಸು’ ಎಂದು ಹೆಸರು; ಆ ಗುಳಿಯ ಒಡೆಯರು ಅದನ್ನು ಎತ್ತಿಕೊಳ್ಳುವರು. ಪಸುವು ಕನ್ನಡದಲ್ಲಿ ಏನಾಗುವುದೆಂದು ಈಗ ನೀವೇ ಹೇಳಬಲ್ಲಿರಿ. ಕೈಯಲ್ಲಿರುವ ಬೀಜ ಯಾವ ಗುಳಿಯವರೆಗೆ ಹೋದೀತು, ಮುಂದಿನ ಗುಳಿ ಬರಿದಾದೀತೆ ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದ ಹೊರತು ಈ ಆಟದಲ್ಲಿ ಗೆಲುವಿಲ್ಲ. ಗೆಲ್ಲಬೇಕೆಂಬ ಹಟದಿಂದ ಕೂಸು ಮಾಡುವ ಲೆಕ್ಕದ ಅರ್ಧದಷ್ಟನ್ನೂ ಬೆದರಿಸಿ ಮಾಡಿಸಲಾಗದು. ಬಾಗಿಲ ಮುಂದಿನ ಚುಕ್ಕಿ ರಂಗೋಲಿಯೂ ಹಾಗೆಯೇ. ಒಂದು, ಮೂರು, ಐದು, ಏಳು ಎಂದು ಏರಿ, ತಿರುಗಿ ಐದು, ಮೂರು, ಒಂದಕ್ಕೆ ಇಳಿದರೆ 25 ಚುಕ್ಕಿ. ಸೊಸೆಯು ಅವಸರದಲ್ಲಿ ಹಾಕಿ ಹೋಗುವ ಬದಲು ಭಾನುವಾರವಾದರೂ ಚುಕ್ಕಿಯಿಡುವ ಕೆಲಸವನ್ನು ಕೂಸಿಗೆ ಬಿಡಲಿ, ಸೊಟ್ಟಗಾದರೆ ಆಗಲಿ. ಕಾಲು ಕಿಲೋ ಬೆಲ್ಲ, ಅರ್ಧ ಕಿಲೋ ರವೆ, ಮುಕ್ಕಾಲು ಕಿಲೋ ಎಂಬ ಮಾತುಗಳು ಅಂಗಡಿಯಲ್ಲಿ ಇನ್ನೂ ಬದುಕಿರುವುವು. ಅಯ್ಯನವರ ಮಠಗಳಲ್ಲಿ ಹಿಂದೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೇ ಹೇಳಿಸುತ್ತಿದ್ದರು. ಮಗ್ಗಿ ಈಗ ಬೇಡ. ಪೊಟ್ಟಣವನ್ನು ಕೂಸಿನ ಕೈಗೆ ಕೊಟ್ಟು ಯಾವುದು ಭಾರವೆಂದು ಕೇಳಿದರೆ ಸಾಕು. ಹತ್ತರ ಮೇಲಿನ ಎಣಿಕೆಯನ್ನು ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಮಾಡಿಸಿರಿ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು ಎಂದು ಹೆಸರಿನಲ್ಲಿಯೇ ಲೆಕ್ಕವು ಕಾಣುವುದು. ಇಂಗ್ಲಿಷಿನ ಇಲೆವನ್, ಟ್ವೆಲ್ವ್‌ಗಳಲ್ಲಿ ಅದು ಅಡಗಿರುವುದು.

ಬರವಣಿಗೆಯನ್ನು ಕುರಿತು ಹೇಳುವುದು ಸ್ವಲ್ಪವೇ. ನಮ್ಮ ಹಳೆಯ ಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುತ್ತಿದ್ದರು. ಇದನ್ನು ಹಳ್ಳಿಗರ ಬಡತನವೆಂದು ನಗುವವರಿರುವರು. ಆಂಡ್ರೂ ಬೆಲ್ ಎಂಬ ಪಾದ್ರಿಯು 1789ರಿಂದ 1796ರವರೆಗೆ ಮದರಾಸಿನ ಅನಾಥಬಾಲಕರ ಶಾಲೆಯನ್ನು ನಡೆಸುತ್ತಿದ್ದಾಗ, ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಇಲ್ಲಿಯ ಒಂದು ಪಾಠಶಾಲೆಯಲ್ಲಿ ಕಂಡು, ತನ್ನ ಶಾಲೆಯಲ್ಲಿ ಅನುಸರಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಕುರಿತು ಪುಸ್ತಕವನ್ನು ಅಚ್ಚು ಹಾಕಿಸಿದನು. ‘ಮದರಾಸಿನ ಪದ್ಧತಿ’ ಎಂದು ಅದು ಆ ದೇಶದಲ್ಲಿ ಹೆಸರಾಯಿತು. ಮುಂದೆ ಮಾರಿಯಾ ಮಾಂಟೆಸರಿಯವರು ಒರಟು ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ಮಕ್ಕಳ ಬೆರಳಿನಿಂದ ತಡವಿಸಿದುದೂ ಇದೇ ಜಾತಿಯ ಉಪಾಯ. ಅವರು 1939ರಲ್ಲಿ ಮದರಾಸಿನ ಅಡಯಾರಿಗೇ ಬಂದು ಉಪಾಧ್ಯಾಯರಿಗೆ ಪಾಠ ಹೇಳಿದರು. ನಮ್ಮ ಅಂಗಳದ್ದೇ ವಸ್ತು ಸಮುದ್ರ ದಾಟಿ ಹೋಗಿ ಬಂದರೆ ಮಾತ್ರ ನಮಗೆ ಮರ್ಯಾದೆಯ ವಸ್ತು! ಪೆನ್ಸಿಲು ಹಿಡಿಯಲು ಬೆರಳು ಇನ್ನೂ ಗಟ್ಟಿಯಾಗದ ಕೂಸಿಗೆ ತಟ್ಟೆಯಲ್ಲಿ ರಾಗಿಹಿಟ್ಟನ್ನು ಹರವಿ ಕೊಡಿರಿ. ಮರಳು ಬೇಕೆಂದು ಸೈನೈಡ್ ದಿಬ್ಬದಿಂದ ಮಾತ್ರ ತರಬೇಡಿರಿ. ಆ ದಿಬ್ಬಗಳ ಮೇಲೆ ಮಕ್ಕಳನ್ನು ಆಡಗೊಡಿಸುವುದೂ ಒಳ್ಳೆಯದಲ್ಲ.

ಓದುವುದಕ್ಕೆ ಪುಸ್ತಕವಿಲ್ಲವೆನ್ನುವವರು ಕೂಸನ್ನು ಒಂದು ಸಂಜೆ ನಿಲ್ದಾಣಕ್ಕೆ ಕರೆದೊಯ್ಯಲಿ. ‘ಚಾಂಪಿಯನ್’ ಎಂಬ ಒಂದೇ ಹಲಗೆಯಲ್ಲಿ ಇಳಿಯಿದೆ, ಸೊನ್ನೆಯಿದೆ, ಗುಡಿಸಿದೆ, ಕೊನೆಗೆ ಸ್ವರವಿಲ್ಲದ ನಕಾರವಿದೆ. ಮುಂದಿನ ಹಲಗೆ ಊರಿಗಾಂ, ಅದರಾಚೆ ಕೋರಮಂಡಲ. ಅಪ್ಪನು ಇಳಿಯುವ ಊರಿನ ಹೆಸರನ್ನು ಓದಬಲ್ಲೆನೆಂಬ ಹೆಮ್ಮೆಗೆ ಬೆಲೆ ಕಟ್ಟಲಾಗದು. ಮನೆಯಲ್ಲಿ ಓದು ಬಾರದ ಅಜ್ಜಿಯಿದ್ದರೆ ಅದು ಕೊರತೆಯಲ್ಲ. ಕೂಸು ತನ್ನ ಪಾಠವನ್ನು ಅವಳಿಗೆ ಓದಿ ಹೇಳಲಿ, ಅರ್ಥವನ್ನು ಅವಳ ಭಾಷೆಯಲ್ಲಿ ಬಿಡಿಸಲಿ. ಅವಳು ತಪ್ಪು ಹಿಡಿಯಲಾರಳು. ಅದಕ್ಕಾಗಿಯೇ ಕೂಸು ಅವಳ ಮುಂದೆ ಹೆದರದೆ ಓದುವುದು.

ಮಾಡಬಾರದ ಸಂಗತಿಗಳನ್ನು ಬೇಗ ಹೇಳಿ ಮುಗಿಸುವೆನು. ಒಂದೇ ಪುಟವನ್ನು ಹತ್ತು ಸಾರಿ ಬರೆಯಿಸಿದರೆ ಐದನೆಯ ಸಾರಿಯ ಹೊತ್ತಿಗೆ ಕೂಸು ಓದುವುದನ್ನು ಬಿಟ್ಟು ಗೆರೆ ಎಳೆಯತೊಡಗುವುದು. 2020ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಶಾಲಾಚೀಲದ ನೀತಿಯಲ್ಲಿಯೇ ಎರಡನೆಯ ತರಗತಿಯವರೆಗೆ ಮನೆಗೆಲಸವನ್ನು ಕೊಡತಕ್ಕದ್ದಲ್ಲವೆಂದಿರುವಾಗ, ಶಾಲೆಯವರು ಕೊಡದುದನ್ನು ಟ್ಯೂಷನ್ನಿನವರಿಂದ ಹಣ ತೆತ್ತು ಕೊಡಿಸುವುದು ವಿಚಿತ್ರ. ಹೊಡೆಯುವುದನ್ನು ಶಾಲೆಗಳಲ್ಲಿ 2009ರ ಶಿಕ್ಷಣಹಕ್ಕಿನ ಕಾಯಿದೆಯು ನಿಷೇಧಿಸಿರುವುದು. ಮನೆಗೆ ಕಾಯಿದೆ ಬೇಕೆ? 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳು ಈ ಎಳೆಯರಿಗೆ ತಿರುಗಿ ತೆರೆದದ್ದು 2021ರ ಅಕ್ಟೋಬರು 25ರಂದು. ಆ ಒಂದೂವರೆ ವರ್ಷ ಮೊಬೈಲಿನ ಮುಂದೆ ಕುಳಿತಿದ್ದ ಕೂಸುಗಳನ್ನೂ, ಮೊಬೈಲಿಲ್ಲದೆ ಅಜ್ಜಿಯ ಹಿಂದೆ ತಿರುಗುತ್ತಿದ್ದ ಕೂಸುಗಳನ್ನೂ ನಾನು ಕಂಡಿರುವೆನು. ಅಕ್ಷರವನ್ನು ಇಬ್ಬರೂ ಮರೆತಿದ್ದರು. ಆದರೆ ಎರಡನೆಯವರು ಮಾತನ್ನು ಮರೆತಿರಲಿಲ್ಲ, ಅಕ್ಷರವು ಅವರಿಗೆ ಬೇಗ ಹತ್ತಿತು.

ರೈಲಿನಲ್ಲಿ ಹೋಗಿ ಬರುವ ತಂದೆತಾಯಿಗಳು “ನಮಗೆ ಹೊತ್ತೆಲ್ಲಿದೆ?” ಎನ್ನುವರು. ಅವರ ಆಯಾಸವನ್ನು ನಾನು ಬಲ್ಲೆನು. ಸಂಜೆ ರೈಲಿನಿಂದ ಮನೆಗೆ ಫೋನು ಮಾಡುವರಷ್ಟೆ; ಆಗ “ಬರೆದು ಮುಗಿಸಿದೆಯಾ?” ಎಂದು ಕೇಳಿದರೆ ಬರುವ ಉತ್ತರ “ಹೂಂ” ಎಂಬ ಒಂದಕ್ಷರ. “ನಿನ್ನೆ ಅಜ್ಜಿ ಯಾವ ಕಥೆ ಹೇಳಿದರು? ನನಗೂ ಹೇಳು” ಎಂದರೆ ಬಂಗಾರಪೇಟೆ ಬರುವವರೆಗೂ ಕೂಸು ಹೇಳುತ್ತಿರುವುದು. ತಾತ ಅಜ್ಜಿಯರಿಲ್ಲದ ಮನೆಗಳೂ ಇರುವುವು. ಅಂಥಲ್ಲಿ ನಾಲ್ಕನೆಯ ಐದನೆಯ ತರಗತಿಯ ಅಕ್ಕನನ್ನು ನೆಚ್ಚಬಹುದು. ಆದರೆ ಅವಳಿಗೂ ಆಟ ಬೇಕು, ಪೂರ್ಣಭಾರವನ್ನು ಅವಳ ಮೇಲೆ ಹೊರಿಸಬಾರದು. ಸಾಲಿನಲ್ಲಿ ಒಬ್ಬ ಅಜ್ಜಿಯಿದ್ದರೂ ಹತ್ತು ಮನೆಯ ಕೂಸುಗಳು ಅವಳ ಜಗಲಿಯ ಮೇಲೆ ಕೂಡಬಹುದು.

ಶ್ರೀಗಳವರ ಅಪ್ಪಣೆಯಂತೆ ಮುಂದಿನ ಭಾನುವಾರದಿಂದ ಮಧ್ಯಾಹ್ನದ ಪ್ರಸಾದವಾದ ಮೇಲೆ ಮಠದ ಪಡಸಾಲೆಯಲ್ಲಿ ಎಳೆಯ ಮಕ್ಕಳನ್ನು ಕೂಡಿಸುವುದೆಂದು ಗೊತ್ತಾಗಿದೆ. ಯಾವ ಭಾಷೆಯವರಾದರೂ ಬರಬಹುದು, ಜಾತಿಯನ್ನು ಕೇಳುವುದಿಲ್ಲ, ಪುಸ್ತಕ ತರಬೇಕಾಗಿಲ್ಲ. ಕಥೆ ಬಲ್ಲ ಅಜ್ಜಿಯರನ್ನು ಜೊತೆಗೆ ಕರೆತರಬೇಕು. ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಅಳಿಗುಳಿಮಣೆಯಿದ್ದರೆ ಧೂಳು ಒರಸಿ ತರಬೇಕೆಂದು ಬೇಡಿಕೊಳ್ಳುತ್ತೇನೆ. ಬೀಜದ ಚಿಂತೆ ಬೇಡ. ದಾಸೋಹದ ಮನೆಯಲ್ಲಿ ಹುಣಿಸೆಹಣ್ಣು ಬಿಡಿಸಿದ ಬೀಜವನ್ನು ಎರಡು ಡಬ್ಬಿ ತೆಗೆದಿಡಿಸಿರುವೆನು.